ರಸ್ತೆ ಕ್ಯಾಂಪಿನ ಇಂಗ್ಲಿಷು

ಹೋದ ತಿಂಗಳು ಹಿರಿಯೂರಿನಿಂದ ದುರ್ಗಕ್ಕೆ ಬರುವಾಗ ಐಮಂಗಲದ ಹತ್ತಿರ ಬಸ್ಸು ನಿಂತುಬಿಟ್ಟಿತು. ಮುಂದೆ ರಸ್ತೆ ರಿಪೇರಿ. ಬಿಸಿ ಡಾಂಬರಿನ ವಾಸನೆ ಕಿಟಕಿಯಿಂದ ನುಗ್ಗಿತು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕ್ರಿ ಅಂದಳು. ಒಂದು ನಿಮಿಷ ಇರಲಿ ಅಕ್ಕಾ ಎಂದೆ. ಇವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿದ್ದು ಆಕೆಯ ಮುಖದಲ್ಲೇ ಕಂಡಿತು. ಅಂದುಕೊಳ್ಳಲಿ ಬಿಡಿ. ಮಲ್ಲಿಗೆ ಸಂಪಿಗೆಗೆ ಮನಸೋಲುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಡಾಂಬರಿನ ಹೊಗೆ ಮೂಗಿಗೆ ಬಡಿದರೆ ಜೀವಕ್ಕೆ ಹಾಯೆನಿಸುತ್ತದೆ. ಅದೇ ಜಾಗದಲ್ಲಿ, ಒಂದು ದೀಪಾವಳಿಯಿಂದ ಯುಗಾದಿಯ ತನಕ, ನಾನು ಆ ಹೊಗೆಯನ್ನು ಕುಡಿದುಕೊಂಡೇ ಕೆಲಸ ಮಾಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೆದ್ದಾರಿಯನ್ನು ಅಗಲ ಮಾಡಿ, ಹೋಗುವುದಕ್ಕೊಂದು ಬರುವುದಕ್ಕೊಂದು ಎಂದು ಜೋಡಿ ರಸ್ತೆ ಮಾಡುತ್ತಿದ್ದರು. ನಮ್ಮೂರಿನ ಆಚೆ ಬಯಲಿನಲ್ಲಿ ತಗಡಿನ ಶೆಡ್ಡುಗಳ ಒಂದು ಕ್ಯಾಂಪು ಎದ್ದು ನಿಂತಿತು. ಅಲ್ಲಿಗೆ ಒಬ್ಬ ಟೈಪಿಸ್ಟು ಬೇಕಂತೆ ಎಂಬ ಸುದ್ದಿಯನ್ನು ನಮ್ಮಪ್ಪ ಹೋಟೆಲಿನಿಂದ ತಂದರು. ನನಗೆ ಆಗ ಇಪ್ಪತ್ತೆರಡು. ನನ್ನ ಯೋಗ್ಯತೆಯ ಪಟ್ಟಿ ಕೇಳಿದರೆ ಇವತ್ತಿಗೂ ನಗು ಬರುತ್ತದೆ: ಇಂಗ್ಲಿಷ್ ಟೈಪಿಂಗಿನಲ್ಲಿ ಫಸ್ಟ್ ಕ್ಲಾಸು, ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ಫೇಲು. ಇದು ಹೇಗೆ ಸಾಧ್ಯ ಎಂದು ಕೇಳುವವರು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿಲ್ಲ ಎಂದರ್ಥ. ಅಲ್ಲಿ ಕಲಿಸುವುದು ಬೆರಳಿಗೆ. ಕಣ್ಣು ಅಕ್ಷರ ನೋಡುತ್ತದೆ, ಬೆರಳು ಕೀಲಿ ಒತ್ತುತ್ತದೆ, ಅರ್ಥ ಎನ್ನುವುದು ನಡುವೆ ಬರುವುದೇ ಇಲ್ಲ. ಪುಟಗಟ್ಟಲೆ ಇಂಗ್ಲಿಷನ್ನು ಒಂದು ತಪ್ಪಿಲ್ಲದೆ ಹೊಡೆಯುತ್ತಿದ್ದೆ, ಅದರಲ್ಲಿ ಏನಿತ್ತು ಎಂದು ಕೇಳಿದರೆ ದೇವರಾಣೆ ಗೊತ್ತಿರುತ್ತಿರಲಿಲ್ಲ.

ಮಾತಾಡುವುದಂತೂ ದೂರವೇ ಉಳಿಯಿತು. ಕಾಲೇಜಿನಲ್ಲಿ ಒಮ್ಮೆ ಧೈರ್ಯ ಮಾಡಿ ಎದ್ದು ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದ್ದೆ. ಇಡೀ ಕ್ಲಾಸು ನಕ್ಕಿತು, ಪಾಠ ಮಾಡುವವರೂ ನಕ್ಕರು. ನಮ್ಮ ಕಡೆ ಆಗ ಇಂಗ್ಲಿಷ್ ಎಂದರೆ ಏನನ್ನಾದರೂ ಹೇಳುವುದಕ್ಕೆ ಇರುವ ಭಾಷೆಯಲ್ಲ, ಎದುರಿಗಿರುವವರ ಅಳತೆ ತೆಗೆಯುವುದಕ್ಕೆ ಇರುವ ಭಾಷೆ. ಆ ಅಳತೆಯಲ್ಲಿ ನಾನು ಎರಡು ಸಲ ಕಡಿಮೆ ಬಿದ್ದವಳು. ಮೂರನೇ ಸಲಕ್ಕೆ ಫೀಜು ಕಟ್ಟುವ ಮನಸ್ಸೂ ಇರಲಿಲ್ಲ.

ಕ್ಯಾಂಪಿನ ಸೈಟ್ ಎಂಜಿನಿಯರು ಶಣ್ಮುಗಂ ಎಂಬ ತಮಿಳರು, ತಿರುನೆಲ್ವೇಲಿ ಕಡೆಯವರು. ಕಪ್ಪಗೆ, ತೆಳ್ಳಗೆ, ಬಿಸಿಲಿಗೆ ಒಣಗಿದ ಮೈ. ಸಂದರ್ಶನ ಎಂದರೆ ಒಂದು ಪುಟ ಕೊಟ್ಟು ಹೊಡಿ ಎಂದರು, ಹೊಡೆದೆ. ನಡುವೆ ಏನೋ ಇಂಗ್ಲಿಷಿನಲ್ಲಿ ಕೇಳಿದರು. ತಲೆ ಎತ್ತದೆ ಹೊಡೆಯುತ್ತಲೇ ಇದ್ದೆ. ಕೆಲಸದ ಮೇಲೆ ಎಷ್ಟು ಗಮನ ಎಂದು ಮೆಚ್ಚಿದರಂತೆ, ನಾಳೆಯಿಂದ ಬಾ ಅಂದರು. ಅವರು ಕೇಳಿದ್ದು ಕುಡಿಯಲು ನೀರು ಬೇಕಾ ಎಂದು, ಅದು ಆಮೇಲೆ ತಿಳಿಯಿತು. ಬಾಯಿ ಒಣಗಿ ಸಾಯುತ್ತಿದ್ದೆ, ಆ ಮಾತು ಬೇರೆ.

ಕ್ಯಾಂಪಿನಲ್ಲಿ ದೇಶದ ಎಲ್ಲ ಮೂಲೆಯವರೂ ಇದ್ದರು. ರೋಲರ್ ಓಡಿಸುವವರು ಬಿಹಾರದವರು, ಸರ್ವೆ ಹುಡುಗರು ಒಡಿಶಾದವರು, ಲ್ಯಾಬಿನಲ್ಲಿ ಮಲಯಾಳಿ, ಸ್ಟೋರಿನಲ್ಲಿ ಕರ್ನೂಲಿನ ತೆಲುಗರು. ಎಲ್ಲ ಯಂತ್ರಗಳ ಮೇಲಿನ ಯಜಮಾನ ಉತ್ತರ ಪ್ರದೇಶದ ಬಲ್ಲಿಯಾ ಊರಿನ ತಿವಾರಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಇವರೆಲ್ಲರ ಮೇಲೆ ಸೇನ್ ಸಾಹೇಬರು, ಬಂಗಾಳದವರು, ರಸ್ತೆ ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕುವ ಹಿರಿಯರು. ಇಷ್ಟು ಜನಕ್ಕೂ ಒಂದು ನಿಯಮ: ಬಾಯಲ್ಲಿ ಹೇಳಿದ್ದು ಹೇಳಿದಂತಲ್ಲ. ಆರ್ಡರ್ ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಆಗಬೇಕು. ಇಲ್ಲದಿದ್ದರೆ ಒಂದು ಬುಟ್ಟಿ ಮಣ್ಣೂ ಅಲ್ಲಾಡುವಂತಿಲ್ಲ.

ತಿವಾರಿಗೆ ಈ ನಿಯಮ ಕಂಡರೆ ಉರಿ. ನಮ್ಮದೇ ದೇಶದಲ್ಲಿ ನಮ್ಮ ನಮ್ಮೊಳಗೆ ಮಾತಾಡಲು ಬಿಳಿಯರ ಭಾಷೆ ಯಾಕೆ, ಹಿಂದಿ ಇಲ್ಲವೇ ಎಂದು ದಿನಕ್ಕೊಮ್ಮೆಯಾದರೂ ಕೂಗಾಡುತ್ತಿದ್ದರು; ಅದರ ಅರ್ಥ ನನಗೆ ಬಿಡಿಸಿ ಹೇಳುತ್ತಿದ್ದವರು ಸ್ಟೋರಿನ ತೆಲುಗರು. ಶಣ್ಮುಗಂ ಸಾಹೇಬರು ಹಿಂದಿಯ ಒಂದು ಅಕ್ಷರವನ್ನೂ ಬಾಯಿಗೆ ತಂದುಕೊಂಡವರಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅವರು ಹೇಳಿದ್ದು ಇಷ್ಟು: ಹಿಂದಿಯಲ್ಲಿ ಮಾತಾಡಿದರೆ ತಿವಾರಿ ಅವರ ಮನೆಯ ನಡುಮನೆಯಲ್ಲಿ ಕೂತಿರುತ್ತಾರೆ, ನಾನು ಹೊಸ್ತಿಲಲ್ಲಿ ನಿಂತಿರುತ್ತೇನೆ. ಇಂಗ್ಲಿಷಿನಲ್ಲಾದರೆ ಇಬ್ಬರೂ ಬೀದಿಯಲ್ಲಿ ನಿಂತಿರುತ್ತೇವೆ. ನನಗೆ ಇಬ್ಬರ ಮಾತಿನಲ್ಲೂ ನ್ಯಾಯ ಕಂಡಿತು. ಅಲ್ಲ ಕಣ್ರಪ್ಪ, ನೀವಿಬ್ಬರೂ ನಿಂತಿರುವುದು ನಮ್ಮ ನೆಲ, ಕನ್ನಡದ ಮಾತೇ ಎತ್ತಲಿಲ್ಲವಲ್ಲ ಎಂಬುದು ಮಾತ್ರ ನನ್ನ ತಕರಾರು. ಅದನ್ನು ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ ಹೇಳಿಯೂ ಬಿಟ್ಟೆ. ಮಾರನೆಯ ದಿನದಿಂದ ಶಣ್ಮುಗಂ ಡೈರಿಯ ಹಿಂಬದಿಯಲ್ಲಿ ದಿನಕ್ಕೆ ಹತ್ತು ಕನ್ನಡ ಪದ ತಮಿಳು ಅಕ್ಷರದಲ್ಲಿ ಬರೆದುಕೊಳ್ಳತೊಡಗಿದರು.

ಆ ಕ್ಯಾಂಪಿನ ಇಂಗ್ಲಿಷನ್ನು ನಮ್ಮ ಕಾಲೇಜಿನವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಮಲಯಾಳಿಯದು ಒಂದು ರಾಗ, ತೆಲುಗರದು ಇನ್ನೊಂದು, ಸೇನ್ ಸಾಹೇಬರ ಬಾಯಲ್ಲಿ ಎಲ್ಲವೂ ದುಂಡು ದುಂಡು. ಕ್ರಿಯಾಪದ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. "ಮಾರ್ನಿಂಗ್ ಟೂ ಲಾರಿ ಕಮಿಂಗ್, ಒನ್ ಲಾರಿ ನಾಟ್ ಕಮಿಂಗ್" ಎಂದರೆ ಎರಡು ಲಾರಿ ಬಂದು ಒಂದು ಬಂದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಒಬ್ಬರೂ ನಗುತ್ತಿರಲಿಲ್ಲ. ಅದು ನನಗೆ ದೊಡ್ಡ ಆಶ್ಚರ್ಯ. ಒಂದು ವಾರ ಸುಮ್ಮನೆ ನೋಡಿದೆ, ಹದಿನೈದು ದಿನ ನೋಡಿದೆ. ಆಮೇಲೆ ನಾನೂ ಬಾಯಿ ಬಿಟ್ಟೆ. "ಸರ್, ರಿಬ್ಬನ್ ಫಿನಿಶ್" ಎಂದೆ. ಶಣ್ಮುಗಂ ಹೌದಾ ಎಂದು ಸ್ಟೋರಿಗೆ ಚೀಟಿ ಬರೆದರು, ಸಂಜೆಗೆ ಟೈಪ್ ಮಿಷನ್ನಿಗೆ ಹೊಸ ರಿಬ್ಬನ್ನು ಬಂತು. ನಾನು ಇಂಗ್ಲಿಷಿನಲ್ಲಿ ಕೇಳಿದ್ದು ಮೊದಲ ಸಲ ನನ್ನ ಕೈಗೆ ಸಿಕ್ಕಿತ್ತು. ಮನೆಗೆ ಹೋಗಿ ಅವ್ವನಿಗೆ ಹೇಳಿದರೆ, ರಿಬ್ಬನ್ನು ಜಡೆಗೆ ಕಟ್ಟುವುದಲ್ಲವೇನೇ, ನಿನಗ್ಯಾಕೆ ಕೊಟ್ಟರು ಎಂದಳು.

ಚಳಿಗಾಲ ಇಳಿಯುವ ಹೊತ್ತಿಗೆ ಹೊಸ ರಸ್ತೆ ನಮ್ಮೂರ ತಿಪ್ಪಕ್ಕನ ಹೊಲಕ್ಕೆ ಬಂತು. ಹಳೆಯ ರಸ್ತೆಯ ತಿರುವು ನೇರ ಮಾಡುವುದಕ್ಕೆ ಅವಳ ಹೊಲವನ್ನು ನಟ್ಟನಡುವೆ ಸೀಳಬೇಕಿತ್ತು. ತಿಪ್ಪಕ್ಕ ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಕನಕಾಂಬರ ಬೆಳೆದವಳು. ಹಿರಿಯೂರು, ದುರ್ಗದ ಹೂವಿನ ಅಂಗಡಿಗಳಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಅವಳ ಹೂವಿನ ಬುಟ್ಟಿ ಹೋಗುತ್ತಿತ್ತು. ಈಗ ಬಾವಿ ರಸ್ತೆಯ ಆಚೆ, ಹೂವಿನ ತೋಟ ಈಚೆ. ಇಂಥ ಕಡೆ ಮಣ್ಣಿನ ಏರಿ ಹಾಕುವ ಮೊದಲೇ ಅಡಿಯಲ್ಲಿ ಒಂದು ಸಿಮೆಂಟ್ ಪೈಪು ಹೂತುಬಿಡುತ್ತಾರೆ, ರೈತರು ಅದರೊಳಗೆ ನೀರಿನ ಕೊಳವೆ ತೂರಿಸಿಕೊಳ್ಳುತ್ತಾರೆ. ಡಾಂಬರು ಬಿದ್ದ ಮೇಲೆ ರಸ್ತೆಯನ್ನು ಯಾರೂ ಕಡಿಯಲು ಬಿಡುವುದಿಲ್ಲ.

ಯಾರಿಗೆ ಪೈಪು ಬೇಕು, ಯಾರಿಗೆ ಬೇಡ ಎಂದು ಕೇಳಿ ಬರೆದುಕೊಳ್ಳಲು ಶಣ್ಮುಗಂ ಹೊರಟಾಗ, ರೈತರು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಲು ನನ್ನನ್ನೂ ಜೀಪು ಹತ್ತಿಸಿಕೊಂಡರು. ನನಗೆ ನೆಲದ ಮೇಲೆ ಕಾಲಿಲ್ಲ. ತಿಪ್ಪಕ್ಕ ಇಬ್ಬರಿಗೂ ಮಜ್ಜಿಗೆ ಕೊಟ್ಟು, ನಿಂತುಕೊಂಡೇ ಮಾತಾಡಿದಳು.

"ಬಾವಿ ಆಕಡೆ ಐತೆ, ಹೂವಿನ ಗಿಡ ಈಕಡೆ ಅವೆ. ಒಂದು ಪೈಪು ಇಕ್ಕಿಕೊಟ್ರೆ ಬದುಕ್ಕಂತೀನಿ ಸ್ವಾಮಿ. ಆಮ್ಯಾಲೆ ತಮ್ಮ ಚಿತ್ತ."

ನಾನು ಒಂದು ಮಾತನ್ನೂ ಬಿಡಲಿಲ್ಲ. ಬಾವಿ ಅಲ್ಲಿದೆ, ಗಿಡ ಇಲ್ಲಿದೆ, ಪೈಪು ಕೊಟ್ಟರೆ ಒಳ್ಳೆಯದು. ಕೊನೆಯದನ್ನು ಹೆಮ್ಮೆಯಿಂದ ಹೇಳಿದೆ: "ಆಫ್ಟರ್ ದಟ್, ಆಸ್ ಯು ಲೈಕ್ ಸರ್." ನಮ್ಮಲ್ಲಿ ದೊಡ್ಡವರ ಹತ್ತಿರ ಏನನ್ನು ಕೇಳಿದರೂ ಕೊನೆಗೆ ಹಾಗನ್ನದೆ ಬಿಟ್ಟರೆ ಅದು ಒರಟುತನ. ಜೀವ ಹೋಗುವಷ್ಟು ಬೇಕಾಗಿದ್ದರೆ ಇನ್ನೂ ನಯವಾಗಿ ಹಾಗನ್ನುತ್ತೇವೆ. ಅದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಆದರೆ ಇಂಗ್ಲಿಷಿಗೆ ತಿರುಗಿಸುವ ಉತ್ಸಾಹದಲ್ಲಿ ಪದಗಳನ್ನು ದಾಟಿಸಿದೆ, ಅವಳನ್ನು ದಾಟಿಸಲಿಲ್ಲ. ಶಣ್ಮುಗಂ ಒಂದು ಸಾಲು ಬರೆದುಕೊಂಡರು. ಸಂಜೆ ಅವರ ಪಟ್ಟಿಯನ್ನು ನಾನೇ ಟೈಪ್ ಮಾಡಿದೆ. ಸರ್ವೆ ನಂಬರು, ಹೆಸರು, ಎದುರಿಗೆ ಷರಾ. ತಿಪ್ಪಕ್ಕನ ಹೆಸರಿನ ಮುಂದೆ, ನಿಮ್ಮ ಇಷ್ಟ ಎಂದಿದ್ದಾಳೆ, ಪೈಪಿನ ಬಗ್ಗೆ ಒತ್ತಾಯ ಇಲ್ಲ, ಬೇಕಿಲ್ಲ ಎಂದಿತ್ತು. ನನ್ನ ಬೆರಳುಗಳು ಅದನ್ನು ಚೊಕ್ಕವಾಗಿ ಹೊಡೆದವು. ನಾನು ಓದಲಿಲ್ಲ.

ಶಿವರಾತ್ರಿ ಹತ್ತಿರ ಬಂದು ಬಿಸಿಲು ಚುರುಕಾದಾಗ ಒಂದು ಗುರುವಾರ ತಿಪ್ಪಕ್ಕ ಕ್ಯಾಂಪಿಗೆ ಬಂದಳು. ನನಗೆ ಮುಡಿಯಲು ಒಂದು ಮೊಳ ಹೂವು ತಂದಿದ್ದಳು. ಏರಿಗೆ ಎರಡು ವರಸೆ ಮಣ್ಣು ಬಿದ್ದಿದೆ, ಪೈಪು ಇನ್ನೂ ಬಂದಿಲ್ಲ, ಯಾವಾಗ ಬರುತ್ತದೆ ತಾಯಿ ಎಂದು ಕೇಳಿದಳು. ಬರುತ್ತೆ ಇರು ತಿಪ್ಪಕ್ಕ ಎಂದು ಫೈಲು ತೆಗೆದೆ. ನನ್ನದೇ ಟೈಪು. ಆವತ್ತು ಮೊದಲ ಸಲ ನಾನು ಹೊಡೆದ ಇಂಗ್ಲಿಷನ್ನು ನಾನೇ ಓದಿದೆ. ಪೈಪು ಬೇಕಿಲ್ಲ ಎಂದಿತ್ತು. ಸೋಮವಾರದಿಂದ ಮೇಲಿನ ಜಲ್ಲಿ ಹಾಕಲು ಆರ್ಡರ್ ಆಗಿತ್ತು. ಎಂದಾದರೂ ಬರುತ್ತದೆ ಎಂದು ಅವಳನ್ನು ಸಾಗಹಾಕಬಹುದಿತ್ತು, ಅವಳು ಬೇಡ ಅಂದಿದ್ದಳು ಎಂದು ಕಾಗದ ತೋರಿಸಬಹುದಿತ್ತು. ಕಾಗದ ಇಂಗ್ಲಿಷಿನಲ್ಲಿದೆ, ಅವಳು ಏನು ಮಾಡಿಯಾಳು? ಈ ಯೋಚನೆ ನನ್ನ ತಲೆಯಲ್ಲಿ ಬಂತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ. ಅವಳಿಗೆ ಟೀ ತರಿಸಿಕೊಟ್ಟು, ಅವಳು ಹೋದ ಮೇಲೆ ಶಣ್ಮುಗಂ ಮುಂದೆ ನಿಂತು ಇದ್ದದ್ದನ್ನು ಹೇಳಿ ಅತ್ತುಬಿಟ್ಟೆ.

ಅವರಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ, ಸಹಿ ಅವರದು. ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಆಮೇಲೆ, ಕಾಗದ ಸೇನ್ ಸಾಹೇಬರ ತನಕ ಹೋಗಿದೆ, ಶನಿವಾರದ ಮೀಟಿಂಗಿನಲ್ಲಿ ಹೇಳಬೇಕು ಎಂದರು. ನೀವು ಹೇಳಿ ಸರ್ ಎಂದೆ. ತಲೆ ಅಲ್ಲಾಡಿಸಿದರು. "ಯೂ ಹರ್ಡ್. ಯೂ ಟೆಲ್." ಆಕೆಯ ಮಾತು ಕೇಳಿದವಳು ನೀನು, ನನಗೆ ಕೇಳಿಸಿದ್ದು ನಿನ್ನ ಮಾತು ಮಾತ್ರ ಎಂದು ಅವರ ಲೆಕ್ಕ.

ಎರಡು ದಿನ ಅನ್ನ ಸೇರಲಿಲ್ಲ. ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷ್ ಮಾಡಿ, ದನದ ಕೊಟ್ಟಿಗೆಯಲ್ಲಿ ನಿಂತು ಗಟ್ಟಿ ಮಾಡಿದೆ. ನಮ್ಮ ಎಮ್ಮೆಯೊಂದೇ ನಗದೆ ಕೇಳಿತು. ಶನಿವಾರ ಮೀಟಿಂಗಿನಲ್ಲಿ ನನ್ನ ಹೆಸರು ಕರೆದಾಗ ಎದ್ದು ನಿಂತೆ. ಗಟ್ಟಿ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಹನ್ನೆರಡು ಗಂಡಸರು, ಸುಡುವ ತಗಡು, ತಿರುಗುವ ಫ್ಯಾನು.

"ಸರ್, ಪೇಪರ್ ರಾಂಗ್. ಐ ರಾಂಗ್. ತಿಪ್ಪಕ್ಕ ವಾಂಟ್ ಪೈಪ್."

ಸೇನ್ ಸಾಹೇಬರು ಕಾಗದ ನೋಡಿದರು. ಹಾಗಾದರೆ, ನಿಮ್ಮ ಇಷ್ಟ ಎಂದು ಆಕೆ ಹೇಳಲಿಲ್ಲವೇ ಎಂದು ಕೇಳಿದರು. ಹೇಳಿದಳು ಎಂದೆ. ಹೇಳಿದ್ದರೆ ಕಾಗದ ಸರಿಯೇ ಇದೆಯಲ್ಲ ಎಂದರು. ಇಲ್ಲಿಗೆ ನನ್ನ ಇಂಗ್ಲಿಷು ಮುಗಿಯಿತು. ಹಾಗೆಂದರೆ ಹಾಗಲ್ಲ, ಅದು ಮರ್ಯಾದೆ, ಅದರ ಒಳಗೆ ಅವಳ ಹೊಟ್ಟೆಪಾಡು ಇದೆ ಎನ್ನುವುದನ್ನು ಹೇಳಲು ನನಗೆ ತಿಳಿದಿದ್ದ ಇಂಗ್ಲಿಷಿನಲ್ಲಿ ಜಾಗವೇ ಇರಲಿಲ್ಲ. "ಸರ್, ಇನ್ ಅವರ್ ವಿಲೇಜ್..." ಎಂದು ನಿಲ್ಲಿಸಿದೆ. ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

ಆಗ ತಿವಾರಿ ಕುರ್ಚಿ ಹಿಂದೆ ತಳ್ಳಿ ಎದ್ದರು. ಈ ಮನುಷ್ಯ ಮೀಟಿಂಗಿನಲ್ಲಿ ಒಂದು ದಿನವೂ ಹಿಂದಿ ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೆವರು ಒರೆಸಿಕೊಂಡು, ಒಂದೊಂದೇ ಪದವನ್ನು ಕಲ್ಲು ಎತ್ತಿಟ್ಟ ಹಾಗೆ ಇಟ್ಟರು.

"ಸರ್, ಮೈ ಮದರ್ ಆಲ್ಸೋ ಸೇ ಲೈಕ್ ದಿಸ್. ಆಲ್ವೇಸ್. ಮೀನಿಂಗ್ ಈಸ್, ಪ್ಲೀಸ್ ಡು."

ಶಣ್ಮುಗಂ ತಮ್ಮೂರಲ್ಲೂ ಹಾಗೆಯೇ ಎಂದರು. ಮಲಯಾಳಿ ಹೌದು ಹೌದು ಎಂದ. ಸೇನ್ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ, ಬಂಗಾಳಿಯಲ್ಲೂ ಅದೇ ಮಾತಿದೆ, ಆದರೆ ನನಗೆ ಇಂಗ್ಲಿಷಿನಲ್ಲಿ ಕೇಳಿದಾಗ ಅದು ನೆನಪಾಗಲೇ ಇಲ್ಲ ನೋಡಿ ಎಂದರು. ತಿವಾರಿ ಇನ್ನೂ ನಿಂತೇ ಇದ್ದರು. ಎರಡು ವರಸೆ ಮಣ್ಣು ಬಿಚ್ಚಿ ಪೈಪು ಹೂತು ಮುಚ್ಚಲು ಒಂದು ದಿನ ಸಾಕು, ಭಾನುವಾರ ರಜೆ ಬಿಟ್ಟು ನಾನೇ ನಿಲ್ಲುತ್ತೇನೆ ಎಂದು ಅದನ್ನೂ ಇಂಗ್ಲಿಷಿನಲ್ಲೇ ಹೇಳಿದರು. ಯಾಕೆ ಎಂದು ಆಮೇಲೆ ಕೇಳಿದ್ದಕ್ಕೆ, ಹಿಂದಿಯಲ್ಲಿ ಹೇಳಿದ್ದರೆ ಶಣ್ಮುಗಂಗೆ ತಿಳಿಯುತ್ತಿರಲಿಲ್ಲ, ನಿನಗೂ ತಿಳಿಯುತ್ತಿರಲಿಲ್ಲ, ನಿಮ್ಮಿಬ್ಬರಿಗೂ ತಿಳಿಯಬೇಕಿತ್ತು ಎಂದರು. ಆ ಮಾತಿಗೆ ಅವರ ಕಾಲು ಮುಟ್ಟಬೇಕು ಅನಿಸಿತು. ನಾಚಿಕೆಯಾಗಿ ಸುಮ್ಮನಾದೆ.

ಸೇನ್ ಸಾಹೇಬರು ಮಾತ್ರ ಶಿಸ್ತಿನವರು. ಹೊಲದ ಒಡತಿಯನ್ನು ತಮ್ಮೆದುರಿಗೆ ಇನ್ನೊಮ್ಮೆ ಕೇಳಿ ಬರೆಯಬೇಕು ಎಂದು ಭಾನುವಾರ ಬೆಳಗ್ಗೆ ತಾವೇ ಬಂದರು. ನಾನು ಮೊದಲೇ ತಿಪ್ಪಕ್ಕನನ್ನು ಬದಿಗೆ ಕರೆದು ಬುದ್ಧಿ ಹೇಳಿದ್ದೆ: ಬೇಕು ಅಂತ ಒಂದೇ ಮಾತು ಹೇಳು, ಹಿಂದೆ ಮುಂದೆ ಏನೂ ಸೇರಿಸಬೇಡ. ಅವಳಿಗೆ ಅದು ಸಂಕಟ. "ಅಂಥೋರ ಮುಂದೆ ಬೇಕು ಅಂತ ಹೆಂಗೆ ಬಾಯಿಬಿಡಾದು ತಾಯಿ, ಏನಂದ್ಕಂತಾರೆ?" ಅಂದಳು. ಸಾಹೇಬರು ಕೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ. ತಿಪ್ಪಕ್ಕ ನೆಲ ನೋಡಿದಳು, ಬಾವಿ ನೋಡಿದಳು, "ಬೇಕು ಸ್ವಾಮಿ" ಅಂದಳು. ಬಾಯಿ ಮುಚ್ಚುವುದರೊಳಗೆ ತಡೆಯಲಾರದೆ "ಆಮ್ಯಾಲೆ ತಮ್ಮ ಚಿತ್ತ" ಎಂದೂ ಅಂದುಬಿಟ್ಟಳು. ನಾನು ಮೊದಲನೆಯದನ್ನು ಮಾತ್ರ ಇಂಗ್ಲಿಷಿಗೆ ಹಾಕಿದೆ. ಎರಡನೆಯದು ಏನು ಎಂದು ಸಾಹೇಬರು ಬಿಡದೆ ಕೇಳಿದರು. ನಾನು ತಡವರಿಸುವಾಗ ಜೆಸಿಬಿಯ ಪಕ್ಕದಿಂದ ತಿವಾರಿ ಕೂಗಿದರು: "ನಥಿಂಗ್ ಸರ್! ಶೀ ಸೇ ಥ್ಯಾಂಕ್ ಯೂ!" ಕನ್ನಡದ ಒಂದು ಮಾತೂ ಬಾರದ ಆ ಮನುಷ್ಯನಿಗೆ ಅವಳು ಅಂದದ್ದೇನೆಂದು ಗೊತ್ತಿತ್ತು. ಸಾಹೇಬರಿಗೂ ಗೊತ್ತಾಯಿತು ಎಂದೇ ನನ್ನ ಅನುಮಾನ, ನಗುತ್ತಲೇ ಸಹಿ ಹಾಕಿದರು.

ಸಂಜೆಯೊಳಗೆ ಪೈಪು ಹೂತು, ಮಣ್ಣು ಮುಚ್ಚಿ, ರೋಲರ್ ಓಡಿಸಿಯೂ ಆಯಿತು. ದೊಡ್ಡ ಸಾಹೇಬರಿಗೆ ಆ ಹೊಟ್ಟೆಯವರು ಕೂಗಿದ್ದು ಏನು ಎಂದು ತಿಪ್ಪಕ್ಕ ಕೇಳಿದಳು. ನೀನು ಉಪಕಾರ ಆಯ್ತು ಅಂದೆ ಅಂತ ಹೇಳಿದರು ಎಂದೆ. "ನಾನೆಲ್ಲಿ ಅಂದೆ? ನೀರು ಬರ್ಲಿ, ಆಗ ಅಂತೀನಿ" ಎಂದು ತುಸು ಕೋಪದಿಂದಲೇ ಹೇಳಿದಳು. ಯುಗಾದಿ ಕಳೆದದ್ದೇ ಕ್ಯಾಂಪು ತಗಡು ಬಿಚ್ಚಿಕೊಂಡು ದಾವಣಗೆರೆ ದಾಟಿ ಮುಂದಕ್ಕೆ ಹೋಯಿತು. ಹೋಗುವಾಗ ಶಣ್ಮುಗಂ ಪರೀಕ್ಷೆಯ ಫೀಜು ಕಟ್ಟಿದೆಯಾ ಎಂದು ಕೇಳಿದರು, ಕನ್ನಡದಲ್ಲಿ. ಕಟ್ಟಿದೆ. ಪಾಸೂ ಆದೆ. ಈಗ ಹೊಳಲ್ಕೆರೆಯಲ್ಲಿ ಗುಮಾಸ್ತೆಯಾಗಿ ಕೂತು ತಿನ್ನುವ ಅನ್ನದಲ್ಲಿ ಅವರ ಪಾಲು ಇದೆ, ತಿವಾರಿಯದೂ ಇದೆ. ಇಂಗ್ಲಿಷು ನಮ್ಮನ್ನು ಮೇಲೆತ್ತುತ್ತದೆ ಎನ್ನುವವರು ಸಿಕ್ಕಾಗಲೂ, ಅದು ನಮ್ಮ ಮನೆ ಹಾಳು ಮಾಡಿತು ಎನ್ನುವವರು ಸಿಕ್ಕಾಗಲೂ ನಾನು ವಾದಕ್ಕೆ ಇಳಿಯುವುದಿಲ್ಲ. ನನಗೆ ಅದನ್ನು ಕೊಟ್ಟವರು ಅದು ಸರಿಯಾಗಿ ಬಾರದವರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ತಿಪ್ಪಕ್ಕ ಒಂದು ಮುಂಜಾನೆ ನಮ್ಮನೆಗೆ ಬಂದಳು. ಕಾಲಿಗೆಲ್ಲ ಹಸಿ ಕೆಸರು. ಕೊಳವೆ ತೂರಿಸಿ ಮೋಟಾರು ಹಾಕಿದ್ದಳು. ಅವರಿಗೆಲ್ಲ ಒಂದು ಕಾಗದ ಬರಿ ಎಂದಳು. ಏನಂತ ಬರೀಲಿ ತಿಪ್ಪಕ್ಕ, ನಿಮ್ಮ ಉಪಕಾರ ಮರೆಯಲ್ಲ, ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ ಅಂತ ಬರೀಲಾ ಎಂದು ಕೇಳಿದೆ. ಅವಳು ಅಷ್ಟೆಲ್ಲ ಬೇಡ ಎಂದು ಕೈಯಾಡಿಸಿದಳು.

"ನೀರು ಬಂತು ಅಂತ ಬರಿ. ಅವ್ರಿಗೆ ಅಷ್ಟು ಸಾಕು."

ಮೂರು ಕಾರ್ಡು ತೆಗೆದುಕೊಂಡೆ, ತಮಿಳರಿಗೊಂದು, ಬಲ್ಲಿಯಾದವರಿಗೊಂದು, ಬಂಗಾಳದವರಿಗೊಂದು. ಮೂರರಲ್ಲೂ ಅದೇ ಮೂರು ಪದ, ಇಂಗ್ಲಿಷಿನಲ್ಲಿ, ಕೈಯಲ್ಲೇ ಬರೆದೆ: ವಾಟರ್ ಹ್ಯಾಸ್ ಕಮ್. ಕೆಳಗೆ ತಿಪ್ಪಕ್ಕ ಹೆಬ್ಬೆಟ್ಟು ಒತ್ತಿದಳು.